ವಿಕಿಪೀಡಿಯ ತಿದ್ದುವ ಸ್ವಯಂಸೇವಕರೂ ಕಾನೂನೂ

ಜೈನರು 2014ರ ಜನವರಿಯಲ್ಲಿ ಕೇಂದ್ರದ ಅಲ್ಪಸಂಖ್ಯಾತರ ಪಟ್ಟಿಗೆ ಸೇರಿದರು. ಜೈನಧರ್ಮ ಸ್ವತಂತ್ರವೋ ಅಲ್ಲವೋ, ಇಂಥ ಗುಡಿ ಮೊದಲು ಬಸದಿಯೋ ಎಂಬ ವಾದ ವಿಕಿಪೀಡಿಯದಲ್ಲಿಯೂ ಇದೆ. ಚಚಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ಸಾಲು ತಿದ್ದಿದವರೂ ಆ ಸಾಲಿಗೆ ಹೊಣೆಗಾರರೇ. ಸಂಬಳವಿಲ್ಲದ ಸೇವೆ ಎಂದು ಕಾನೂನು ರಿಯಾಯಿತಿ ಕೊಡುವುದಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ರಕ್ಷಣೆ ಜಾಲತಾಣ ನಡೆಸುವ ಸಂಸ್ಥೆಗೆ ಮಾತ್ರ, ಬರೆದವರಿಗಲ್ಲ. ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮು ಸಮುದಾಯಗಳ ನಡುವಿನ ದ್ವೇಷಕ್ಕೆ, 299ನೇ ಕಲಮು ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ. ಎರಡರಲ್ಲೂ 3 ವರ್ಷದವರೆಗೆ ಸೆರೆ. 299ರಲ್ಲಿ ದುರುದ್ದೇಶ ಸಾಬೀತಾಗಬೇಕು ನಿಜ. ಅಷ್ಟರಲ್ಲಿ ಠಾಣೆ, ಕೋರ್ಟಿಗೆ ಅಲೆದದ್ದು ಅಲೆದದ್ದೇ.

ಅಡ್ಡಹೆಸರು ಕಾಪಾಡುತ್ತದೆಂಬ ನಂಬಿಕೆಯೂ ಬೇಡ. ಎಎನ್‌ಐ ಸುದ್ದಿಸಂಸ್ಥೆ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2024ರ ಆಗಸ್ಟಿನಲ್ಲಿ ಮೂವರು ಬಳಕೆದಾರರ ವಿವರ ಕೊಡಲು ವಿಕಿಮೀಡಿಯಕ್ಕೆ ಆದೇಶಿಸಿತು. 2025ರ ಫೆಬ್ರುವರಿಯಲ್ಲಿ ಸಂಭಾಜಿ ಮಹಾರಾಜರ ಲೇಖನದ ವಿಷಯವಾಗಿ ಮಹಾರಾಷ್ಟ್ರ ಸೈಬರ್ ಪೊಲೀಸರು ಸಂಪಾದಕರ ಮೇಲೆ ಪ್ರಕರಣ ದಾಖಲಿಸಿದರು.

ಸವದತ್ತಿಯ ರಟ್ಟರ ಶಾಸನದ ಬಗ್ಗೆ ಬರೆಯುವವರು ಅಚ್ಚಾದ ಸಂಪುಟ, ಪುಟಸಂಖ್ಯೆ ಕೊಡಲಿ. ಶಾಸನದಲ್ಲಿ ದಾನವಷ್ಟೇ ಇದ್ದರೆ ‘ಇಂಥವರು ಕೆಡವಿದರು’ ಎಂದು ಊಹೆ ಸೇರಿಸಬಾರದು. ನೋಟಿಸು ಬಂದರೆ ಬರೆದದ್ದನ್ನು ಗಾಬರಿಯಿಂದ ಅಳಿಸದೆ, ಪ್ರತಿ ಇಟ್ಟುಕೊಂಡು ಮೊದಲು ವಕೀಲರನ್ನು ಕಾಣಬೇಕು.