ರಾಜಪುತ್ರರ ಮೃಗಯಾಭ್ಯಾಸ ಮತ್ತು ನೀತಿಶಾಸ್ತ್ರಕಾರರು

ಬೇಟೆಯು ಕ್ಷತ್ರಿಯನ ಕುಲವಿದ್ಯೆಯೆಂಬ ಭಾವನೆ ಪ್ರಾಚೀನ ರಾಜಕುಲಗಳಲ್ಲಿ ರೂಢಮೂಲವಾಗಿದ್ದಿತು. ಆದಕಾರಣ ರಾಜಪುತ್ರನಿಗೆ ಬಾಲ್ಯದಲ್ಲಿಯೇ ಬೇಟೆಯನ್ನು ಕಲಿಸಬೇಕೆಂದು ನೀತಿಶಾಸ್ತ್ರವೇ ವಿಧಿಸಿರಬೇಕೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಗ್ರಂಥಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ. ಬೇಟೆಯನ್ನು ಅಷ್ಟಿಷ್ಟು ಸಮರ್ಥಿಸಿದ ಕೌಟಿಲ್ಯನೇ ಬಾಲಕನ ವಿಷಯದಲ್ಲಿ ಬೇರೊಂದು ನಿರ್ಣಯವನ್ನು ಕೊಟ್ಟಿರುವನು.

1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಮುದ್ರಣಗೊಂಡು ಬೆಳಕಿಗೆ ಬಂದ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ವ್ಯಸನಗಳ ತಾರತಮ್ಯವು ಚರ್ಚಿತವಾಗಿದೆ. ಜೂಜಿಗಿಂತಲೂ ಬೇಟೆಯೇ ದೊಡ್ಡ ವ್ಯಸನವೆಂಬುದು ಪಿಶುನನ ಪಕ್ಷ. ಕಳ್ಳರು, ಶತ್ರುಗಳು, ಕ್ರೂರಮೃಗಗಳು, ಕಾಡುಗಿಚ್ಚು, ದಿಗ್ಭ್ರಮೆ, ಹಸಿವು ಬಾಯಾರಿಕೆಗಳು ಅವನು ಎಣಿಸುವ ದೋಷಗಳು. ಕೌಟಿಲ್ಯನು ಇದನ್ನೊಪ್ಪದೆ, ಬೇಟೆಯಲ್ಲಿ ವ್ಯಾಯಾಮವುಂಟು, ಕಫ ಪಿತ್ತ ಮೇದಸ್ಸುಗಳು ಕರಗುತ್ತವೆ, ನಿಂತ ಹಾಗೂ ಚಲಿಸುವ ಗುರಿಗಳಲ್ಲಿ ಕೈ ಪಳಗುತ್ತದೆ, ಕೋಪ ಭಯಗಳಲ್ಲಿ ಮೃಗಗಳ ಚಿತ್ತವೃತ್ತಿ ತಿಳಿಯುತ್ತದೆ ಎನ್ನುವನು. ಬೇಟೆಯ ಪರವಾಗಿ ವಾದಿಸುವವರು ಉದಾಹರಿಸುವುದು ಈ ಭಾಗವನ್ನೇ. ಆದರೆ ಇಲ್ಲಿ ನಡೆದಿರುವುದು ಎರಡು ವ್ಯಸನಗಳ ತೂಕವೇ ಹೊರತು ಬೇಟೆಯ ವಿಧಿಯಲ್ಲ. ಎರಡೂ ವ್ಯಸನಗಳೆಂಬುದರಲ್ಲಿ ವಾದಿ ಪ್ರತಿವಾದಿಗಳಿಗೆ ಭೇದವಿಲ್ಲ.

ಬಾಲಕನ ಶಿಕ್ಷಣಕ್ರಮವನ್ನು ಹೇಳುವ ಮೊದಲನೆಯ ಅಧಿಕರಣದ ಸ್ವರೂಪವೇ ಬೇರೆ. ಚೌಲವಾದ ಮೇಲೆ ಲಿಪಿ ಮತ್ತು ಸಂಖ್ಯಾನ, ಉಪನಯನವಾದ ಮೇಲೆ ತ್ರಯೀ, ಆನ್ವೀಕ್ಷಿಕೀ, ವಾರ್ತಾ, ದಂಡನೀತಿಗಳು, ಹದಿನಾರು ವರ್ಷದವರೆಗೆ ಬ್ರಹ್ಮಚರ್ಯ. ದಿನದ ಪೂರ್ವಭಾಗದಲ್ಲಿ ಆನೆ, ಕುದುರೆ, ರಥ, ಆಯುಧಗಳ ಅಭ್ಯಾಸ, ಉತ್ತರಭಾಗದಲ್ಲಿ ಇತಿಹಾಸಶ್ರವಣ. ಈ ಪಟ್ಟಿಯಲ್ಲಿ ಬೇಟೆ ಎಲ್ಲಿಯೂ ಇಲ್ಲ. ಆಯುಧವಿದ್ಯೆಯನ್ನು ಹೇಳಿಯೂ ಬೇಟೆಯನ್ನು ಹೇಳದಿರುವುದು ಆಕಸ್ಮಿಕವಲ್ಲವೆಂಬುದು ಅದೇ ಅಧಿಕರಣದ ರಾಜಪುತ್ರರಕ್ಷಣ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಆಂಭೀಯರೆಂಬವರ ಮತವೊಂದು ಉಲ್ಲೇಖಿತವಾಗಿದೆ. ಗೂಢಚಾರನೊಬ್ಬನು ಬೇಟೆ, ಜೂಜು, ಮದ್ಯ, ಸ್ತ್ರೀಯರಿಂದ ರಾಜಪುತ್ರನನ್ನು ಪ್ರಲೋಭಗೊಳಿಸಿ ತಂದೆಯ ಮೇಲೆ ಎತ್ತಿಕಟ್ಟಬೇಕು, ಮತ್ತೊಬ್ಬನು ತಡೆಯಬೇಕು. ಇದರಿಂದ ಅವನ ಮನಸ್ಸಿನ ಪರೀಕ್ಷೆಯಾಗುವುದು ಎಂದು ಅವರ ಅಭಿಪ್ರಾಯ. ಕೌಟಿಲ್ಯನು ಇದನ್ನು ಖಂಡಿಸುತ್ತಾನೆ. ಅರಿಯದವನಿಗೆ ಅರಿವು ಮಾಡಿಕೊಡುವುದು ಮಹಾದೋಷ. ಹೊಸ ವಸ್ತುವಿಗೆ ಏನನ್ನು ಬಳಿದರೂ ಅದನ್ನೇ ಹೀರಿಕೊಳ್ಳುತ್ತದೆ. ಹೊಸ ಬುದ್ಧಿಯ ಬಾಲಕನು ತನಗೆ ಹೇಳಿದ್ದನ್ನೆಲ್ಲ ಶಾಸ್ತ್ರೋಪದೇಶವೆಂದೇ ಗ್ರಹಿಸುತ್ತಾನೆ ಎಂಬುದು ಅವನ ಯುಕ್ತಿ. ಬಾಲಕನು ತಾನಾಗಿಯೇ ಬೇಟೆಯನ್ನು ಬಯಸಿದರೆ, ದಾರಿಗಳ್ಳರ ವೇಷದ ಗೂಢಚಾರರಿಂದ ಅವನನ್ನು ಹೆದರಿಸಿ ಹಿಂದಿರುಗಿಸಬೇಕೆಂಬ ಉಪಾಯವನ್ನೂ ಹೇಳಿದ್ದಾನೆ. ಪ್ರೌಢನಾದ ರಾಜನಿಗಾದರೋ, ಕಳ್ಳರ ಮತ್ತು ಕ್ರೂರಮೃಗಗಳ ಭಯವನ್ನು ಮುಂಚೆಯೇ ನಿವಾರಿಸಿದ ಕಾಡಿನಲ್ಲಿ ಚಲಿಸುವ ಗುರಿಯ ಅಭ್ಯಾಸಕ್ಕೆ ಅನುಮತಿಯುಂಟು. ಅವನ ವಿಹಾರಕ್ಕೆ ಮೀಸಲಾದ ಮೃಗವನಕ್ಕೆ ಒಂದೇ ಬಾಗಿಲು, ಸುತ್ತಲೂ ಕಂದಕ, ಒಳಗಿನ ಕ್ರೂರಮೃಗಗಳಿಗೆ ಉಗುರು ಕೋರೆಗಳನ್ನು ಮುರಿದಿರಬೇಕು! ಇಷ್ಟು ಕಾಪಿನ ಬೇಟೆಯನ್ನು ಶೌರ್ಯವೆಂದು ಕರೆಯುವುದು ಕಷ್ಟ.

ಕೌಟಿಲ್ಯನ ನಿಷೇಧಕ್ಕೆ ಕಾರಣ ದಯೆಯಲ್ಲ, ರಾಜ್ಯರಕ್ಷಣೆ. ಇದನ್ನು ಮರೆತು ಅವನನ್ನು ಅಹಿಂಸಾವಾದಿಯೆಂದು ಎಣಿಸಲಾಗದು. ಕುತೂಹಲದ ಸಂಗತಿಯೆಂದರೆ, ಸೋಮದೇವಸೂರಿಯೂ ನೀತಿವಾಕ್ಯಾಮೃತದಲ್ಲಿ ಈ ನೆಲೆಯಲ್ಲಿಯೇ ಮಾತನಾಡುತ್ತಾನೆ. ಬೇಟೆಯ ಆಸಕ್ತಿಯು ಮನುಷ್ಯನನ್ನೇ ಕಳ್ಳರಿಗೆ, ಮೃಗಗಳಿಗೆ, ಹಗೆಗಳಿಗೆ, ದಾಯಾದಿಗಳಿಗೆ ಆಹಾರವಾಗಿಸುತ್ತದೆ ಎಂಬುದು ಅವನ ಸೂತ್ರದ ತಾತ್ಪರ್ಯ. ನೀತಿಗ್ರಂಥದಲ್ಲಿ ರಾಜನಿಗೆ ತಿಳಿಯುವ ಭಾಷೆಯನ್ನೇ ಆಚಾರ್ಯನು ಬಳಸಿದನು. ಧರ್ಮದ ಮಾತಿಗೆ ಯಶಸ್ತಿಲಕವನ್ನು ಆರಿಸಿಕೊಂಡನು.

ಯಶಸ್ತಿಲಕವು ಶಕ 881ರಲ್ಲಿ, ಎಂದರೆ ಕ್ರಿ.ಶ. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ ಮುಗಿಯಿತು. ಇದಕ್ಕೆ ಹತ್ತು ವರ್ಷಗಳಷ್ಟು ಹಿಂದೆ ಅದೇ ಚಕ್ರವರ್ತಿಯ ಕಾಲದಲ್ಲಿಯೇ ಆತಕೂರಿನ ಶಾಸನ ಹುಟ್ಟಿತ್ತು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು ಗಂಗ ಬೂತುಗನಿಂದ ಮೆಚ್ಚುಗೆಯಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ನಾಯಿಯ ಸ್ಮಾರಕವಾಗಿ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಜಿನಧರ್ಮಕ್ಕೆ ಆಶ್ರಯವಿತ್ತು ಖ್ಯಾತವಾದ ಗಂಗವಂಶದ ಪರಿಸರದಲ್ಲಿ ಬೇಟೆಗೆ ಇಷ್ಟು ಗೌರವವಿದ್ದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಸೋಮದೇವನು ಯಾರಿಗಾಗಿ ಬರೆದನೆಂಬುದು ಈ ಕಲ್ಲಿನಿಂದಲೇ ತಿಳಿಯುತ್ತದೆ. ಮುಂದೆ 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಮೃಗಯೆಯನ್ನು ರಾಜವಿನೋದಗಳಲ್ಲಿಯೇ ಸೇರಿಸಿ ವಿಸ್ತರಿಸಿತು.

ಯಶೋಧರನ ಕಥೆ ವಿದ್ವಾಂಸರಿಗೆ ಪರಿಚಿತವೇ. ಪ್ರಕೃತ ವಿಷಯಕ್ಕೆ ಸಂಬಂಧಿಸಿದ ಒಂದಂಶವು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ. 1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯಲ್ಲಿ ಯಶೋಮತಿಯು ರಾಣಿಯ ಮುಂದೆ ಶಬ್ದವೇಧಿವಿದ್ಯೆಯನ್ನು ಮೆರೆಯಲು ಬಾಣ ಬಿಟ್ಟು ಕೋಳಿಗಳೆರಡನ್ನು ಕೊಲ್ಲುತ್ತಾನೆ. ಅವು ಹಿಂದೆ ಅವನ ತಂದೆ ಮತ್ತು ಅಜ್ಜಿ. ಮುಂದೆ ಅವನ ಮಕ್ಕಳಾಗಿ ಹುಟ್ಟುವ ಅಭಯರುಚಿ, ಅಭಯಮತಿಯರು. ಕೌಟಿಲ್ಯನು ಬೇಟೆಯ ಫಲವೆಂದು ಹೊಗಳಿದ ಗುರಿಯ ಪಳಗಿಕೆಯೇ ಇಲ್ಲಿ ಪಿತೃವಧೆಯೂ ಆಗಿದೆ. ಬಳಿಕ ಬೇಟೆಗೆ ಹೊರಟ ಯಶೋಮತಿಯು ಸುದತ್ತಮುನಿಯ ಮೇಲೆ ನಾಯಿಗಳನ್ನು ಬಿಡುವುದು, ಅವು ಶಾಂತವಾಗುವುದು, ಮುನಿಯಿಂದ ಹಿಂದಿನ ಭವಗಳ ವೃತ್ತಾಂತವು ತಿಳಿದಾಗ ಮಕ್ಕಳಿಗೆ ಜಾತಿಸ್ಮರಣೆಯಾಗುವುದು ಕ್ರಮವಾಗಿ ನಡೆಯುತ್ತದೆ. ತಂದೆಯ ಬೇಟೆಯನ್ನು ಮಕ್ಕಳು ಕಲಿಯುವುದು ಲೋಕರೂಢಿ; ಇಲ್ಲಿ ಮಕ್ಕಳು ತಾವೇ ಬೇಟೆಯಾಗಿದ್ದವರು, ತಂದೆಗೆ ಪಾಠವಾದವರು.

ಇವೆಲ್ಲಕ್ಕೂ ಮೂಲವಾದ ಹಿಟ್ಟಿನ ಕೋಳಿಯ ಪ್ರಸಂಗದ ಶಾಸ್ತ್ರಾರ್ಥವನ್ನು ಶ್ರಾವಕಾಚಾರವು ನಿಯಮರೂಪದಲ್ಲಿ ಹೇಳಿದೆ. 13ನೆಯ ಶತಮಾನದ ಪಂಡಿತ ಆಶಾಧರನು ಸಾಗಾರಧರ್ಮಾಮೃತದಲ್ಲಿ, ಬೇಟೆಯನ್ನು ತ್ಯಜಿಸಿದವನು ಬಟ್ಟೆ, ನಾಣ್ಯ, ಪುಸ್ತ ಮೊದಲಾದವುಗಳಲ್ಲಿರುವ ಜೀವಾಕೃತಿಗಳನ್ನೂ ಛೇದಿಸಬಾರದೆನ್ನುತ್ತಾನೆ. ಇಲ್ಲಿ ಪುಸ್ತವೆಂದರೆ ಪುಸ್ತಕವೆಂದು ಅರ್ಥ ಮಾಡುವುದು ಸರಿಯಲ್ಲ. ಅಮರಕೋಶವು ಲೇಪ್ಯಾದಿಕರ್ಮಗಳಿಗೆ ಈ ಹೆಸರನ್ನು ಕೊಟ್ಟಿದೆ. ಮಣ್ಣು ಮುಂತಾದವುಗಳಿಂದ ಮಾಡಿದ ಗೊಂಬೆಯೇ ವಿವಕ್ಷಿತ. ಆಶಾಧರನ ಮಾತು ಶ್ರಾವಕನನ್ನು ಕುರಿತದ್ದು. ಆದರೂ ಗೊಂಬೆಯ ಮೃಗವನ್ನು ಕಡಿದು ಆಡುವುದು ಮನೆಯಲ್ಲಿ ಯಾರ ಆಟವೆಂಬುದನ್ನು ವಿವರಿಸಬೇಕಾಗಿಲ್ಲ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಗೆ ಗೃಹಸ್ಥನಲ್ಲಿ ಎಡೆಯುಂಟು. ಸಂಕಲ್ಪೀ ಹಿಂಸೆಗೆ ಇಲ್ಲ. ಕೌಟಿಲ್ಯನು ಹದಿನಾರು ವರ್ಷದೊಳಗಿನವನನ್ನು ಕಾಡಿನಿಂದ ದೂರವಿಟ್ಟನು. ಆಶಾಧರನು ನಿಷೇಧವನ್ನು ಗೊಂಬೆಯವರೆಗೆ ತಂದನು. ಅವನ ಪದ್ಯದಲ್ಲಿ ಬೇಟೆಗೆ ಬಳಸಿರುವ ಶಬ್ದ ಮೃಗಯೆಯಲ್ಲ, ಪಾಪರ್ಧಿ.