ಹರಪನಹಳ್ಳಿ ಸೀಮೆಯ ವೀರಗಲ್ಲುಗಳು

ಕ್ರಿ. ಶ. 1748ರ ಮಾಯಕೊಂಡದ ಯುದ್ಧದಲ್ಲಿ ಚಿತ್ರದುರ್ಗದ ಮದಕರಿನಾಯಕನು ಮಡಿದನು. ಹರಪನಹಳ್ಳಿಯ ಸೋಮಶೇಖರನಾಯಕನಿಗೆ ಜಯವಾಯಿತು. ಅರಸರ ಹೆಸರುಗಳು ಚರಿತ್ರೆಯಲ್ಲಿ ನಿಂತುವು. ಅದಕ್ಕೂ ಶತಮಾನಗಳ ಹಿಂದೆ ಊರ ದನಗಳನ್ನು ಬಿಡಿಸಹೋಗಿ ಬಿದ್ದ ಒಕ್ಕಲಮಗನಿಗಾದರೋ ಉಳಿದುದು ವೀರಗಲ್ಲೊಂದೇ. ಶಾಸನಗಳಲ್ಲಿ ಇಂತಹ ಕಾಳಗಕ್ಕೆ ತುರುಗೋಳ್ ಎಂದು ಹೆಸರು. ದನ ಹೋದರೆ ಬೇಸಾಯವೇ ಹೋಯಿತಷ್ಟೆ; ಇದನ್ನು ಕ್ಷುಲ್ಲಕ ಜಗಳವೆನ್ನುವುದು ಸಲ್ಲದು.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಅಡಿಯಲ್ಲಿ ಕಾಳಗ. ನಡುವೆ ವೀರನನ್ನೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಆತನೇ ಕುಳಿತಿರುವನು. ನೆತ್ತಿಯ ಸೂರ್ಯಚಂದ್ರರು ಕೀರ್ತಿಯ ಶಾಶ್ವತತೆಗೆ ಸಾಕ್ಷಿಗಳು. ಹೀಗಿದ್ದರೂ ಕನ್ನಡನಾಡಿನ ಎಷ್ಟೋ ಊರುಗಳಲ್ಲಿ ಇವು ಬಟ್ಟೆಯೊಗೆಯುವ ಬಂಡೆಗಳಾಗಿವೆ!

ಎಳೆಬಿಸಿಲು ಓರೆಯಾಗಿ ಬಿದ್ದಾಗ ಸವೆದ ಗೆರೆಗಳೂ ಮೂಡಿ ಕಾಣುವುವು. ಆದುದರಿಂದ ನೋಡಲೆಳಸುವವರು ಮುಂಜಾನೆಯೇ ಕಾಲ್ನಡೆಯಿಂದಲೋ ಬೈಸಿಕಲ್ಲಿನಿಂದಲೋ ಹೊರಡುವುದು ಲೇಸು.