ಮುದಿ ಕುದುರೆಯ ಕೊನೆಗಾಲ: ಬೆಜವಾಡ–ಸಿಂಹಾಚಲ ಮಾರ್ಗದಲ್ಲಿ ಒಂದು ವಿಚಾರ

ಕೃಷ್ಣದೇವರಾಯನ ಕಳಿಂಗ ದಂಡಯಾತ್ರೆ ಕನ್ನಡ ಮತ್ತು ತೆಲುಗು ನಾಡುಗಳ ಇತಿಹಾಸಕಾರರಿಬ್ಬರಿಗೂ ಪರಿಚಿತವಾದ ವಿಷಯ. 1515ರಲ್ಲಿ ಕೊಂಡವೀಡು ಕೈವಶವಾದ ಮೇಲೆ ರಾಯನ ಸೈನ್ಯ ಉತ್ತರಕ್ಕೆ ಸಾಗಿತು. ಈ ಯಾತ್ರೆಯಲ್ಲಿ ತಾನು ಇಂದಿನ ವಿಜಯವಾಡದಲ್ಲಿ ಕೆಲವು ದಿನ ತಂಗಿದ್ದ ಸಂಗತಿಯನ್ನು ರಾಯನೇ ತನ್ನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ದ ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ವಿಶಾಖಪಟ್ಟಣದ ಬಳಿಯ ಸಿಂಹಾಚಲ ದೇವಾಲಯದಲ್ಲಿರುವ ಅವನ 1516ರ ಶಾಸನ, ಯಾತ್ರೆಯ ಜಯಗಳನ್ನೂ ದೇವರಿಗೆ ಅರ್ಪಿಸಿದ ಆಭರಣಗಳನ್ನೂ ದಾಖಲಿಸುತ್ತದೆ. ಈ ಎರಡು ಊರುಗಳ ನಡುವಣ ದಾರಿಯನ್ನು ಸೈನ್ಯ ಕ್ರಮಿಸಿದ್ದು ಕುದುರೆಗಳ ಬಲದಿಂದ. ಕಾಲು ಮುರಿದ, ಮುಪ್ಪಡರಿದ ಕುದುರೆಗಳ ಗತಿ ಏನಾಯಿತು, ಅವುಗಳ ಕೊನೆಯನ್ನು ನಿರ್ಣಯಿಸುವ ಹೊಣೆ ಯಾರದಾಗಿತ್ತು ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಸತ್ತ ಕುದುರೆಯ ಬಗ್ಗೆ ವಿಜಯನಗರದ ಆಡಳಿತ ಎಷ್ಟು ಜಾಗರೂಕವಾಗಿತ್ತೆಂಬುದಕ್ಕೆ ಪೋರ್ಚುಗೀಸ್ ಲೇಖಕ ನೂನಿಜನ ಬರಹದಲ್ಲಿ ಎರಡು ಆಧಾರಗಳು ದೊರೆಯುತ್ತವೆ. ಮೊದಲನೆಯದು ಸಾಳುವ ನರಸಿಂಹನ ಕಾಲದ್ದು. ಅವನು ಹೊರ್ಮುಜ್ ಮತ್ತು ಏಡನ್‌ನಿಂದ ಬರುವ ಕುದುರೆಗಳನ್ನು, ಬದುಕಿರಲಿ ಸತ್ತಿರಲಿ, ಸಾವಿರ ಪರ್ದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದನಂತೆ. ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಸಲ್ಲುತ್ತಿತ್ತು. ಎರಡನೆಯದು ಅರಸನು ಸೈನಿಕರಿಗೆ ಕೊಡುತ್ತಿದ್ದ ಕುದುರೆಗಳಿಗೆ ಸಂಬಂಧಿಸಿದ್ದು. ಅವುಗಳ ಮೈಮೇಲೆ ಅರಸನ ಮುದ್ರೆಯಿರುತ್ತಿತ್ತು. ಕುದುರೆ ಸತ್ತಾಗ ಮುದ್ರೆಯಿದ್ದ ಚರ್ಮದ ತುಂಡನ್ನು ಕುದುರೆಗಳ ಮುಖ್ಯಾಧಿಕಾರಿಗೆ ಒಪ್ಪಿಸಿದರೆ ಬೇರೊಂದು ಕುದುರೆ ದೊರೆಯುತ್ತಿತ್ತು.

ಬಾಲವೂ ಚರ್ಮವೂ ಸಾವಿಗೆ ಸಾಕ್ಷಿ. ಬೊಕ್ಕಸದ ಲೆಕ್ಕಕ್ಕೆ ಬೇಕಾದ ಸಾಕ್ಷಿ. ನೋವಿಗೆ ಅವು ಸಾಕ್ಷಿಯಲ್ಲ. ಇದರಿಂದ ಅಂದಿನವರು ನಿರ್ದಯರಾಗಿದ್ದರೆಂದು ತೀರ್ಮಾನಿಸುವುದು ಅವಸರವಾದೀತು. ಲೆಕ್ಕದ ಕಡತ ಯಾವ ಕಾಲದಲ್ಲಾದರೂ ಕರುಣೆಯನ್ನು ಬರೆದಿಡುವ ಸ್ಥಳವಲ್ಲ.

ಕರುಣೆಯಲ್ಲದಿದ್ದರೂ ಕರ್ತವ್ಯವನ್ನು ಬರೆದಿಟ್ಟ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಯುದ್ಧ, ರೋಗ, ಮುಪ್ಪುಗಳಿಂದ ದುಡಿಮೆಗೆ ಬಾರದಾದ ಕುದುರೆಗಳಿಗೆ ದೇಹಧಾರಣೆಗೆ ಸಾಲುವಷ್ಟು ಆಹಾರ ಸಲ್ಲಬೇಕೆಂದು ಅದರ ಅಶ್ವಾಧ್ಯಕ್ಷ ಪ್ರಕರಣ ವಿಧಿಸುತ್ತದೆ. ಕನ್ನಡದಲ್ಲಿಯೂ ಪಶುವೈದ್ಯದ ಪರಂಪರೆ ಹಳೆಯದು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ 12ನೆಯ ಶತಮಾನದ್ದು. ಅಭಿನವಚಂದ್ರನ ಅಶ್ವವೈದ್ಯ ಗ್ರಂಥವನ್ನು ಸುಮಾರು 1400ಕ್ಕೆ ಸೇರಿಸಲಾಗಿದೆ. ಇಂತಹ ಗ್ರಂಥಗಳಿಗೆ ಹಿನ್ನೆಲೆಯಾದ ಆಯುರ್ವೇದ ರೋಗಗಳನ್ನು ಸಾಧ್ಯ, ಅಸಾಧ್ಯವೆಂದು ವಿಂಗಡಿಸುತ್ತದೆ. ಅಸಾಧ್ಯವೆಂದರೆ ವೈದ್ಯನು ಕೈಹಿಂತೆಗೆಯಬೇಕಾದದ್ದು, ಕೊನೆಗಾಣಿಸಬೇಕಾದದ್ದಲ್ಲ.

ಪ್ರಾಣಿಯ ಸಾವನ್ನು ನೆನೆಯುವ ಪದ್ಧತಿಯೂ ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ (949–50) ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಆದರೆ ಅಲ್ಲಿ ಗೌರವ ಸಂದದ್ದು ಕಾಳಗದ ಸಾವಿಗೆ. ದುಡಿದು ದಣಿದು ಲಾಯದಲ್ಲಿ ಸಾಯುವ ಪ್ರಾಣಿಗೆ ವೀರಗಲ್ಲಿಲ್ಲ.

ಬ್ರಿಟಿಷ್ ಆಳ್ವಿಕೆಯಲ್ಲಿ ಕುದುರೆಯ ಕೊನೆ ಕಾನೂನಿನ ವಿಷಯವಾಯಿತು. 1899ರ ಗ್ಲಾಂಡರ್ಸ್ ಮತ್ತು ಫಾರ್ಸಿ ಕಾಯಿದೆ ಸೋಂಕು ತಗುಲಿದ ಕುದುರೆಯನ್ನು ಕೊಲ್ಲಲು ಅಧಿಕಾರ ಕೊಟ್ಟಿತು. ಈ ರೋಗ ಮನುಷ್ಯರಿಗೂ ಹರಡುವಂಥದು. ಆದ್ದರಿಂದ ಅಲ್ಲಿಯ ಕಾಳಜಿ ಇತರರ ರಕ್ಷಣೆ. 2009ರ ಪ್ರಾಣಿರೋಗ ನಿಯಂತ್ರಣ ಕಾಯಿದೆ ಅದರ ಸ್ಥಾನವನ್ನು ತುಂಬಿತು. ನೋವಿನ ಪ್ರಶ್ನೆ ಬೇರೆಡೆಯಿಂದ ಎದ್ದುಬಂದಿತು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳವೂ ಪಾಲ್ಗೊಂಡು ಹೈಫಾ ಪಟ್ಟಣವನ್ನು ಗೆದ್ದ ರಣರಂಗದಲ್ಲಿ ದುಡಿದ ಬ್ರಿಟಿಷ್ ಸೈನ್ಯದ ಅನೇಕ ಕುದುರೆಗಳನ್ನು ಯುದ್ಧಾನಂತರ ಈಜಿಪ್ಟಿನಲ್ಲಿ ಮಾರಲಾಯಿತು. ಹತ್ತು ವರ್ಷಗಳಾಚೆಗೂ ಅವು ಕೈರೋದ ಬೀದಿಗಳಲ್ಲಿ ಹೊರೆ ಎಳೆಯುತ್ತಿದ್ದುದನ್ನು ಡೊರೊಥಿ ಬ್ರೂಕ್ ಕಂಡರು. ಹಣ ಕೂಡಿಸಿ ಅವನ್ನು ಕೊಂಡು, ಬಹುಪಾಲು ಕುದುರೆಗಳಿಗೆ ನೋವಿಲ್ಲದ ಮರಣ ಕೊಡಿಸಿದರು. 1934ರಲ್ಲಿ ಅಲ್ಲಿ ಆಸ್ಪತ್ರೆಯೊಂದು ಅವರಿಂದ ಸ್ಥಾಪನೆಯಾಯಿತು. ಕೊಲ್ಲುವುದೇ ಕರುಣೆಯಾಗಬಲ್ಲ ಸನ್ನಿವೇಶವನ್ನು ಈ ಪ್ರಸಂಗ ಲೋಕದ ಮುಂದಿಟ್ಟಿತು.

ಸ್ವತಂತ್ರ ಭಾರತದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 13ನೆಯ ಕಲಮು ಇದೇ ಸನ್ನಿವೇಶಕ್ಕೆ ಸಂಬಂಧಿಸಿದ್ದು. ಪ್ರಾಣಿಯನ್ನು ಬದುಕಿಸಿಡುವುದೇ ಕ್ರೌರ್ಯವೆಂದು ಪ್ರದೇಶದ ಪಶುವೈದ್ಯಾಧಿಕಾರಿ ಪ್ರಮಾಣೀಕರಿಸಿದಲ್ಲಿ, ಮಾಲೀಕನು ಇಲ್ಲದಿದ್ದರೂ ಒಪ್ಪದಿದ್ದರೂ, ಪೊಲೀಸ್ ಅಧಿಕಾರಿ ಮ್ಯಾಜಿಸ್ಟ್ರೇಟರ ಆಜ್ಞೆ ಪಡೆದು ಅದನ್ನು ಕೊನೆಗಾಣಿಸಬಹುದು. ಬಾಲ ಮತ್ತು ಚರ್ಮಗಳ ಸ್ಥಾನಕ್ಕೆ ಇಲ್ಲಿ ವೈದ್ಯನ ಸಾಕ್ಷ್ಯ ಬಂದಿದೆ. ಸಾಕ್ಷ್ಯದ ವಿಷಯವೂ ಬದಲಾಗಿದೆ: ಸಾವಿನ ಬದಲು ನೋವು. ನಮ್ಮ ದೃಷ್ಟಿಯಲ್ಲಿ ಇದು ದೊಡ್ಡ ಮುನ್ನಡೆ.

ಆದರೂ ಒಂದು ಬಿರುಕು ಉಳಿದಿದೆ. ಕುದುರೆ ಮುದಿಯಾಗಿದೆ, ದುಡಿಯಲಾರದು. ಆದರೆ ಸಹಿಸಲಾಗದ ನೋವಿನಲ್ಲಿಲ್ಲ. ಅದನ್ನು ಕೊಲ್ಲಲು 13ನೆಯ ಕಲಮು ಅನ್ವಯಿಸದು. ಹಸಿವು ಬಾಯಾರಿಕೆಗೆ ಈಡಾಗುವಂತೆ ಕಾರಣವಿಲ್ಲದೆ ಬಿಟ್ಟುಬಿಡುವುದು 11ನೆಯ ಕಲಮಿನಂತೆ ಅಪರಾಧ. ವಿಜಯವಾಡದಲ್ಲಿ ಒಂದು ಕಾಲಕ್ಕೆ ಜಟಕಾ ಓಡಿಸಿ ಬದುಕಿದವನಿಗೂ, ವಿಶಾಖಪಟ್ಟಣದ ಕಡಲದಂಡೆಯಲ್ಲಿ ಸವಾರಿಗೆ ಕುದುರೆ ನಿಲ್ಲಿಸುವವನಿಗೂ ಕಷ್ಟ ಒಂದೇ: ಗಳಿಕೆ ನಿಂತ ದಿನವೂ ಮೇವಿನ ಖರ್ಚು ನಿಲ್ಲದು. ಕಾಯಿದೆಯ 35ನೆಯ ಕಲಮು ಆರೈಕೆಯ ಕೇಂದ್ರಗಳಿಗೆ ಅವಕಾಶ ಕೊಟ್ಟಿದೆಯಾದರೂ ಅದು ಅಪರಾಧಕ್ಕೆ ಗುರಿಯಾದ ಪ್ರಾಣಿಗಳನ್ನು ಕುರಿತದ್ದು; ಪೋಷಣೆಯ ವೆಚ್ಚ ಮಾಲೀಕನದೇ. ಬಡತನದ ಕಾರಣಕ್ಕೆ ಬಿಡಬಹುದಾದದ್ದು ಚಿಕಿತ್ಸೆಯ ಶುಲ್ಕ ಮಾತ್ರ.

ಅರ್ಥಶಾಸ್ತ್ರದ ಕುದುರೆ ಮೇವು ಪಡೆದದ್ದು ಸೇವೆಯ ಹಕ್ಕಿನಿಂದ. ಇಂದಿನ ಕುದುರೆ ಆಶ್ರಯ ಪಡೆಯಬೇಕಾದರೆ ಮೊದಲು ಅದರ ಮೇಲೆ ಅಪರಾಧ ನಡೆದಿರಬೇಕು. ನೋವನ್ನು ಅಳೆಯುವುದರಲ್ಲಿ ನಾವು ಹಿಂದಿನವರಿಗಿಂತ ಮುಂದಿದ್ದೇವೆ. ಮೇವಿನ ಹೊಣೆಯನ್ನು ಹಂಚಿಕೊಳ್ಳುವುದರಲ್ಲಿ ಹಿಂದೆ ಬಿದ್ದಿದ್ದೇವೆ. ಮರಣದ ನಿರ್ಣಯ ನ್ಯಾಯಸಮ್ಮತವಾಗಬೇಕಾದರೆ ಅದು ಮೇವಿಲ್ಲದ ಕಾರಣಕ್ಕೆ ಆದ ನಿರ್ಣಯವಾಗಿರಬಾರದು. ತೆಲುಗು, ತಮಿಳು, ಮರಾಠಿ ದಾಖಲೆಗಳಲ್ಲಿ ದುಡಿಯುವ ಪ್ರಾಣಿಗಳನ್ನು ಅರಸುವ ಸಂಶೋಧಕರು ಖರೀದಿಯ ಲೆಕ್ಕದೊಡನೆ ಮುದಿ ಪ್ರಾಣಿಯ ಮೇವಿನ ಲೆಕ್ಕವನ್ನೂ ಹುಡುಕಬೇಕೆಂಬುದು ನಮ್ಮ ವಿನಂತಿ.